ಕಮಲಾ ಸೋಹೊನಿ ಫಾರ್ವರ್ಡ್‌ನಲ್ಲಿ ಎಷ್ಟು ನಿಜ? ರಾಮನ್ ಬೇಡವೆಂದ ಹುಡುಗಿ ‘ಡಾಕ್ಟರ್’ ಆದ ಕಥೆ

ವಾಟ್ಸಾಪ್‌ನಲ್ಲಿ ವರ್ಷಕ್ಕೆ ಎರಡು ಮೂರು ಬಾರಿಯಾದರೂ ಬರುವ ಒಂದು ಫಾರ್ವರ್ಡ್ ಇದೆ. ಮಹಿಳಾ ದಿನ ಹತ್ತಿರ ಬಂದರಂತೂ ಖಂಡಿತ ಬರುತ್ತದೆ. ಕಮಲಾ ಸೋಹೊನಿ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಭಾರತದ ಮೊದಲ ಮಹಿಳೆ, ಅವರನ್ನು ಸರ್ ಸಿ.ವಿ. ರಾಮನ್ ಹೆಣ್ಣು ಅನ್ನುವ ಒಂದೇ ಕಾರಣಕ್ಕೆ ಹೊರಗೆ ಕಳಿಸಿದ್ದರು, ಆಮೇಲೆ ಅವರು ಬರೀ 40 ಪುಟ ಬರೆದು ಕೇಂಬ್ರಿಜ್‌ನಲ್ಲಿ ಪಿಎಚ್.ಡಿ. ತೆಗೆದುಕೊಂಡರು ಎಂದು ಅದರಲ್ಲಿ ಇರುತ್ತದೆ. ಇದರಲ್ಲಿ ಹೆಚ್ಚಿನದು ನಿಜ. ಆದರೆ ಒಂದು ಮಾತನ್ನು ತಿದ್ದಬೇಕು, ಇನ್ನೊಂದಕ್ಕೆ ವಿವರಣೆ ಬೇಕು.

ಅದಕ್ಕೂ ಮೊದಲು ‘ಡಾಕ್ಟರ್’ ಎಂಬ ಪದ. ಚಿಗಟೇರಿ ಅಂದರೆ ನಮ್ಮ ಕಡೆಯವರಿಗೆ ನೆನಪಾಗುವುದು ಎರಡು. ಒಂದು ಊರಿನ ನಾರದಮುನಿ ದೇವಸ್ಥಾನ, ಇನ್ನೊಂದು ದಾವಣಗೆರೆಯಲ್ಲಿ ಆ ಊರಿನ ಹೆಸರು ಹೊತ್ತ ಚಿಗಟೇರಿ ಆಸ್ಪತ್ರೆ. ಹರಪನಹಳ್ಳಿ, ಕೊಟ್ಟೂರು ಕಡೆಯಿಂದ ಜ್ವರ, ಹೆರಿಗೆ, ಅಪಘಾತ ಎಂದು ಆ ಆಸ್ಪತ್ರೆಗೆ ಹೋಗುವವರಿಗೆ ಡಾಕ್ಟರ್ ಅಂದರೆ ಸ್ಟೆತಸ್ಕೋಪ್ ಹಾಕಿಕೊಂಡವರು. ಹಾಗಾಗಿಯೇ ಮನೆಯ ಮಗಳು ಮೆಡಿಕಲ್ ಕಾಲೇಜಿನಲ್ಲಿ ಪಿಎಚ್.ಡಿ. ಮಾಡುತ್ತೇನೆ ಎಂದರೆ, ಹಾಗಂದರೆ ಚೀಟಿ ಬರೆಯೋ ಡಾಕ್ಟ್ರಾ, ಬರೆಯದಿರೋ ಡಾಕ್ಟ್ರಾ ಎಂಬ ಪ್ರಶ್ನೆ ಏಳುತ್ತದೆ. ಎಂ.ಬಿ.ಬಿ.ಎಸ್. ಮುಗಿಸಿದವರು ರೋಗಿಯನ್ನು ನೋಡುತ್ತಾರೆ. ಎಂ.ಡಿ. ಮಾಡಿದವರು ಒಂದು ವಿಭಾಗದ ತಜ್ಞರಾಗುತ್ತಾರೆ. ಪಿಎಚ್.ಡಿ. ಬೇರೆಯದೇ ದಾರಿ. ಅಲ್ಲಿ ಯಾರಿಗೂ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ ಹಿಡಿದು, ಅದಕ್ಕೆ ಪುರಾವೆ ಸಮೇತ ಉತ್ತರ ಹುಡುಕಿ, ಪರೀಕ್ಷಕರ ಎದುರು ಸಮರ್ಥಿಸಿಕೊಳ್ಳಬೇಕು. ಅದನ್ನು ಮಾಡಿದವರ ಹೆಸರಿನ ಹಿಂದೆಯೂ ‘ಡಾ.’ ಬರುತ್ತದೆ. ಅದು ನಕಲಿ ಅಲ್ಲ. ಕೇವಲ ಪಿಎಚ್.ಡಿ. ಇದ್ದವರು ಇಂಜೆಕ್ಷನ್ ಕೊಡುವಂತಿಲ್ಲ, ಅಷ್ಟೇ. ಕಮಲಾ ಅಂಥ ಡಾಕ್ಟರ್.

ಅವರು ಹುಟ್ಟಿದ್ದು ಇಂದೋರಿನಲ್ಲಿ, 1911ರಲ್ಲಿ, ಭಾಗವತ್ ಮನೆತನದಲ್ಲಿ. ಅಪ್ಪ ನಾರಾಯಣರಾವ್, ಚಿಕ್ಕಪ್ಪ ಮಾಧವರಾವ್ ಇಬ್ಬರೂ ರಸಾಯನ ವಿಜ್ಞಾನ ಓದಿದವರು, ಅದೂ ನಮ್ಮ ಬೆಂಗಳೂರಿನಲ್ಲೇ. ಈಗಲೂ ಹಳೆ ಬೆಂಗಳೂರಿಗರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯಾರ್ಥಿಗಳು ಅವರು. ಅಂದರೆ ಕಮಲಾಗೆ ಮನೆಯಲ್ಲಿ ಓದಬೇಡ ಎನ್ನುವವರು ಇರಲಿಲ್ಲ. ಫಾರ್ವರ್ಡ್‌ಗಳು ಈ ಅನುಕೂಲದ ಮಾತು ಎತ್ತುವುದಿಲ್ಲ. ನಮಗೆ ಇದು ಮುಖ್ಯ ಅನ್ನಿಸುತ್ತದೆ, ಏಕೆಂದರೆ ಇಷ್ಟೆಲ್ಲ ಬೆಂಬಲ ಇದ್ದವರಿಗೇ ಬಾಗಿಲು ತೆರೆಯಲಿಲ್ಲ ಎಂದರೆ ಇಲ್ಲದವರ ಪಾಡು ಊಹಿಸಿಕೊಳ್ಳಿ.

1933ರಲ್ಲಿ ಮುಂಬೈ ವಿಶ್ವವಿದ್ಯಾಲಯದ ಬಿ.ಎಸ್‌ಸಿ. ಮುಗಿಯಿತು. ಅಂಕ ಚೆನ್ನಾಗಿತ್ತು. ಅಪ್ಪ ಓದಿದ ಸಂಸ್ಥೆಗೇ ಸಂಶೋಧನೆಗೆ ಅರ್ಜಿ ಹಾಕಿದರು. ಅದೇ ವರ್ಷ ರಾಮನ್ ಆ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿ ಬಂದಿದ್ದರು. ನೊಬೆಲ್ ಬಂದು ಮೂರು ವರ್ಷವಾಗಿತ್ತು. ಅರ್ಜಿ ತಿರಸ್ಕೃತವಾಯಿತು, ಕಾರಣ ಹೆಣ್ಣು ಅನ್ನುವುದೇ. ಕಮಲಾ ಸುಮ್ಮನೆ ಊರಿಗೆ ಹೋಗಲಿಲ್ಲ. ಬೆಂಗಳೂರಿಗೆ ಬಂದರು, ನಿರ್ದೇಶಕರನ್ನೇ ಕಂಡರು, ಕಾರಣ ಕೇಳಿದರು, ಅವರ ಕಚೇರಿಯ ಮುಂದೆ ಸತ್ಯಾಗ್ರಹ ಕೂತರು. ಉಪ್ಪಿನ ಸತ್ಯಾಗ್ರಹ ನಡೆದು ಮೂರೇ ವರ್ಷವಾಗಿದ್ದ ಕಾಲ ಅದು. ಕೊನೆಗೆ ರಾಮನ್ ಒಪ್ಪಿದರು, ಆದರೆ ಷರತ್ತಿನ ಮೇಲೆ. ಮೊದಲ ವರ್ಷ ಪ್ರಾಯೋಗಿಕ ಅವಧಿ. ಕೆಲಸ ತಮಗೆ ತೃಪ್ತಿ ತರುವವರೆಗೆ ಅದಕ್ಕೆ ಮಾನ್ಯತೆ ಇಲ್ಲ. ಗಂಡು ವಿದ್ಯಾರ್ಥಿಗಳ ಗಮನ ಕೆಡುವಂತೆ ಇರಬಾರದು.

ಈಗಿನ ಪಿಎಚ್.ಡಿ. ವಿದ್ಯಾರ್ಥಿಗಳು ಕೇಳಬಹುದು, ನಮಗೂ ಮೊದಲು ತಾತ್ಕಾಲಿಕ ನೋಂದಣಿಯೇ ಅಲ್ಲವೇ ಎಂದು. ವ್ಯತ್ಯಾಸ ಇದೆ. ಇಂದಿನ ನಿಯಮ ಎಲ್ಲರಿಗೂ ಒಂದೇ. ಅಂದಿನ ಷರತ್ತು ಅವರೊಬ್ಬರಿಗೆ. ಅದು ಅವಮಾನ ಎಂದು ಕಮಲಾಗೆ ಗೊತ್ತಿತ್ತು, ಆದರೂ ಒಪ್ಪಿಕೊಂಡರು. ಮುಂದೆ ಪ್ರಸಿದ್ಧರಾದ ಮೇಲೂ ಆ ನೋವನ್ನು ಮುಚ್ಚಿಡಲಿಲ್ಲ.

ಅಲ್ಲಿ ಸಿಕ್ಕ ಮಾರ್ಗದರ್ಶಕರು ಎಂ. ಶ್ರೀನಿವಾಸಯ್ಯನವರು. ಸಂಶೋಧನೆಯಲ್ಲಿ ಅರ್ಧ ಭಾಗ್ಯ ಗೈಡ್ ಎನ್ನುತ್ತಾರೆ ವಿದ್ಯಾರ್ಥಿಗಳು. ಕಮಲಾ ವಿಷಯದಲ್ಲಿ ಅದು ನಿಜವಾಯಿತು. ಶಿಸ್ತಿನ ಮನುಷ್ಯ, ಆದರೆ ಕೆಲಸ ಕಲಿಸುವ ಮನಸ್ಸಿತ್ತು. ಬೆಳಗಿನಿಂದ ರಾತ್ರಿವರೆಗೆ ಪ್ರಯೋಗಾಲಯದಲ್ಲಿ ದುಡಿತ. ಹಾಲು, ಬೇಳೆ, ಕಾಳುಗಳಲ್ಲಿರುವ ಪ್ರೋಟೀನುಗಳು ವಿಷಯ. ಒಂದು ವರ್ಷ ಕಳೆಯಿತು, ರಾಮನ್‌ಗೆ ತೃಪ್ತಿಯಾಯಿತು, ಕೆಲಸಕ್ಕೆ ಮಾನ್ಯತೆ ಸಿಕ್ಕಿತು. ಆಗ ಆ ಸಂಸ್ಥೆಗೆ ಸ್ವಂತವಾಗಿ ಪದವಿ ಕೊಡುವ ಅಧಿಕಾರ ಇರಲಿಲ್ಲ, ಅದು ಬಂದದ್ದು 1958ರಲ್ಲಿ. ಹಾಗಾಗಿ ಬೆಂಗಳೂರಿನಲ್ಲಿ ಮಾಡಿದ ಕೆಲಸವನ್ನು ಮುಂಬೈ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿ 1936ರಲ್ಲಿ ಎಂ.ಎಸ್‌ಸಿ. ಪಡೆದರು.

ಈ ‘ಇಲ್ಲಿ ಕೆಲಸ, ಅಲ್ಲಿ ಪದವಿ’ ವ್ಯವಸ್ಥೆ ಎಲ್ಲರಿಗೂ ಒಲಿಯಲಿಲ್ಲ. ಕಮಲಾ ನಂತರ ರಾಮನ್ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳತೊಡಗಿದರು, ತಮ್ಮದೇ ಪ್ರಯೋಗಾಲಯಕ್ಕೂ ತೆಗೆದುಕೊಂಡರು. ಅವರಲ್ಲಿ ಒಬ್ಬರು ಅಣ್ಣಾ ಮಣಿ. ವಜ್ರ, ಮಾಣಿಕ್ಯಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿ 1945ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಪಿಎಚ್.ಡಿ. ಪ್ರಬಂಧ ಸಲ್ಲಿಸಿದರು. ಎಂ.ಎಸ್‌ಸಿ. ಇಲ್ಲ ಎಂಬ ಕಾರಣಕ್ಕೆ ಪದವಿ ಸಿಗಲಿಲ್ಲ. ಮುಂದೆ ಅವರು ದೇಶದ ಹೆಸರಾಂತ ಹವಾಮಾನ ವಿಜ್ಞಾನಿಯಾದರು, ಪಿಎಚ್.ಡಿ. ಇಲ್ಲದೆಯೇ. ಇನ್ನೊಂದು ವಿಚಿತ್ರ: ರಾಮನ್ ಅವರೂ ಪ್ರಬಂಧ ಬರೆದು ಪಿಎಚ್.ಡಿ. ಪಡೆದವರಲ್ಲ. ಅವರದು ಎಂ.ಎ., ಡಾಕ್ಟರೇಟ್‌ಗಳೆಲ್ಲ ಗೌರವ ಪದವಿಗಳು.

ರಾಮನ್ ಮಹಾ ವಿಜ್ಞಾನಿ ಎಂಬುದೂ ಸತ್ಯ, ಈ ವಿಷಯದಲ್ಲಿ ತಪ್ಪು ಮಾಡಿದರು ಎಂಬುದೂ ಸತ್ಯ. ಒಂದನ್ನು ಹೇಳಲು ಇನ್ನೊಂದನ್ನು ಅಳಿಸಬೇಕಿಲ್ಲ.

ವಿದ್ಯಾರ್ಥಿವೇತನ ಸಿಕ್ಕಿ ಕಮಲಾ ಕೇಂಬ್ರಿಜ್‌ಗೆ ಹೋದರು. ಜೀವಸತ್ವಗಳ ಸಂಶೋಧನೆಗೆ 1929ರಲ್ಲಿ ನೊಬೆಲ್ ಪಡೆದ ಫ್ರೆಡರಿಕ್ ಹಾಪ್ಕಿನ್ಸ್ ಅವರ ವಿಭಾಗ. ಪ್ರಯೋಗಾಲಯದಲ್ಲಿ ಜಾಗ ಇರಲಿಲ್ಲ. ಡೆರೆಕ್ ರಿಕ್ಟರ್ ಎಂಬ ಸಂಶೋಧಕ ತಮ್ಮ ಮೇಜನ್ನೇ ಹಗಲು ಹೊತ್ತು ಬಿಟ್ಟುಕೊಟ್ಟರು. ರಾತ್ರಿ ಅವರು ಅದೇ ಮೇಜಿನ ಮೇಲೆ ಮಲಗುತ್ತಿದ್ದರಂತೆ. ರಿಕ್ಟರ್ ಬೇರೆಡೆ ಹೋದ ಮೇಲೆ ರಾಬಿನ್ ಹಿಲ್ ಅವರ ಜೊತೆ ಕೆಲಸ. ಗೈಡ್ ಬದಲಾದರೆ ವಿಷಯವೂ ಬದಲಾಗಿ ಒಂದು ವರ್ಷ ಹಾಳು ಎಂದು ಈಗಿನವರು ಹೆದರುತ್ತಾರೆ. ಕಮಲಾಗೆ ಆ ಬದಲಾವಣೆಯೇ ಪದವಿ ತಂದುಕೊಟ್ಟಿತು.

ಹಿಲ್ ಕೆಲಸ ಮಾಡುತ್ತಿದ್ದದ್ದು ಸಸ್ಯಗಳ ಮೇಲೆ. ಆಲೂಗಡ್ಡೆಯ ಮೇಲೆ ಕೆಲಸ ಮಾಡುವಾಗ ಕಮಲಾ ಅದರ ಜೀವಕೋಶಗಳಲ್ಲಿ ‘ಸೈಟೊಕ್ರೋಮ್ ಸಿ’ ಇರುವುದನ್ನು ಕಂಡರು. ನಾವು ತಿಂದ ಆಹಾರ ಜೀವಕೋಶದೊಳಗೆ ಶಕ್ತಿಯಾಗಿ ಬದಲಾಗುವಾಗ ಎಲೆಕ್ಟ್ರಾನುಗಳು ಕೈಯಿಂದ ಕೈಗೆ ದಾಟುತ್ತಾ ಹೋಗುತ್ತವೆ, ಬಾವಿಯಿಂದ ಸಾಲಾಗಿ ನಿಂತು ಕೊಡ ದಾಟಿಸಿದ ಹಾಗೆ. ಆ ಸಾಲಿನಲ್ಲಿ ನಿಂತ ಒಂದು ಪ್ರೋಟೀನು ಸೈಟೊಕ್ರೋಮ್ ಸಿ. ಪ್ರಾಣಿಗಳಲ್ಲಿ, ಯೀಸ್ಟ್‌ನಲ್ಲಿ ಅದು ಇದೆ ಎಂದು ಮೊದಲೇ ಗೊತ್ತಿತ್ತು. ಸಸ್ಯದ ಜೀವಕೋಶಗಳಲ್ಲೂ ಅದು ಇದೆ ಎಂದರೆ ಆಲೂಗಡ್ಡೆಯೂ ನಾವೂ ಉಸಿರಾಡುವ ಒಳದಾರಿ ಒಂದೇ ಬಗೆಯದು ಎಂದಾಯಿತು.

ಈಗ ಆ 40 ಪುಟದ ಮಾತಿಗೆ ಬರೋಣ. ಪ್ರಬಂಧ 40 ಪುಟ, 14 ತಿಂಗಳು, ಎರಡೂ ಸರಿ. ಆದರೆ ಅದು ‘ಸುಲಭವಾಗಿ ಸಿಕ್ಕಿತು’ ಎಂದಲ್ಲ. ಅದರ ಹಿಂದೆ ಬೆಂಗಳೂರಿನ ಮೂರು ವರ್ಷದ ತರಬೇತಿ ಇತ್ತು. ಪರೀಕ್ಷಕರು ನೋಡುವುದು ಹೊಸದಾಗಿ ಏನು ಕಂಡುಹಿಡಿದಿರಿ ಎಂದು, ರಟ್ಟಿನ ದಪ್ಪವನ್ನಲ್ಲ. 1939ರಲ್ಲಿ ಕಮಲಾ ಪಿಎಚ್.ಡಿ. ಆದರು. ಫಾರ್ವರ್ಡ್‌ಗಳಲ್ಲಿ ಬಾರದ ಒಂದು ವಿಷಯ: ಕೇಂಬ್ರಿಜ್ ಹೆಂಗಸರನ್ನು ಗಂಡಸರಂತೆಯೇ ಪೂರ್ಣ ಪದವೀಧರರೆಂದು ಒಪ್ಪಿಕೊಂಡದ್ದು 1948ರಲ್ಲಿ. ಬಾಗಿಲು ಮುಚ್ಚಿದ್ದು ಬೆಂಗಳೂರಿನಲ್ಲಿ ಮಾತ್ರ ಅಲ್ಲ.

ತಿದ್ದಬೇಕಾದ ಮಾತು ‘ಮೊದಲ ಮಹಿಳೆ’. ಪಿಎಚ್.ಡಿ. ಎಂಬ ಹೆಸರಿನ ಪದವಿಗೆ ಸಂಬಂಧಿಸಿ ಕಮಲಾ ಅವರನ್ನು ಮೊದಲಿಗರು ಎನ್ನುತ್ತಾರೆ. ಆದರೆ ಸಸ್ಯವಿಜ್ಞಾನಿ ಇ.ಕೆ. ಜಾನಕಿ ಅಮ್ಮಾಳ್ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಿಂದ ಡಿ.ಎಸ್‌ಸಿ. ಪಡೆದದ್ದು 1931ರಲ್ಲಿ, ಎಂಟು ವರ್ಷ ಮೊದಲು. ಅದೂ ವಿಜ್ಞಾನದ ಡಾಕ್ಟರೇಟೇ. ಆದ್ದರಿಂದ ‘ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಮೊದಲ ಭಾರತೀಯ ಮಹಿಳೆ’ ಎಂದು ಬರೆದರೆ ತಪ್ಪಾಗುತ್ತದೆ.

ಯುದ್ಧ ಶುರುವಾದ ಆ ವರ್ಷವೇ ಕಮಲಾ ದೇಶಕ್ಕೆ ಮರಳಿ, ದೆಹಲಿಯ ಲೇಡಿ ಹಾರ್ಡಿಂಜ್ ಮೆಡಿಕಲ್ ಕಾಲೇಜಿನಲ್ಲಿ ಜೀವರಸಾಯನ ವಿಭಾಗದ ಮುಖ್ಯಸ್ಥರಾದರು. ರೋಗಿಯನ್ನು ಮುಟ್ಟದ ಡಾಕ್ಟರ್ ಮುಂದಿನ ಡಾಕ್ಟರುಗಳಿಗೆ ಪಾಠ ಹೇಳಿದರು. ಆಮೇಲೆ ಕೂನೂರಿನ ಪೋಷಣಾ ಸಂಶೋಧನಾಲಯ. ಅದೇ 1958ರಲ್ಲಿ ಹೈದರಾಬಾದ್‌ಗೆ ಹೋಗಿ ಈಗಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಗಿದೆ. 1947ರಲ್ಲಿ ಎಂ.ವಿ. ಸೋಹೊನಿ ಅವರನ್ನು ಮದುವೆಯಾಗಿ ಮುಂಬೈಗೆ ಬಂದರು, ಅಲ್ಲಿನ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. ಈಗ ಅವರೇ ಗೈಡ್.

ನಮ್ಮ ಅಡುಗೆಮನೆಗೆ ಹತ್ತಿರವಾದ ಕೆಲಸ ನಡೆದದ್ದು ಅಲ್ಲಿಯೇ. 1950ರ ದಶಕದಲ್ಲಿ ಅವರೂ ಅವರ ವಿದ್ಯಾರ್ಥಿಗಳೂ ಅವರೆಕಾಳಿನಿಂದ ಒಂದು ವಸ್ತುವನ್ನು ಬೇರ್ಪಡಿಸಿದರು. ನಮ್ಮ ಹೊಟ್ಟೆಯಲ್ಲಿ ಪ್ರೋಟೀನನ್ನು ತುಂಡರಿಸುವ ಟ್ರಿಪ್ಸಿನ್ ಎಂಬ ಕಿಣ್ವ ಇದೆ. ಹಸಿ ಅವರೆಯಲ್ಲಿರುವ ಈ ವಸ್ತು ಹೋಗಿ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಕಾಳಿನಲ್ಲಿ ಪ್ರೋಟೀನು ತುಂಬಾ ಇದ್ದರೂ ಅದು ಮೈಗೆ ಹತ್ತುವುದಿಲ್ಲ. ನೆನೆಸಿ ಚೆನ್ನಾಗಿ ಬೇಯಿಸಿದರೆ ಅದರ ಬಹುಪಾಲು ನಾಶವಾಗುತ್ತದೆ. ಕಾಳುಗಳನ್ನು ಹಸಿಯಾಗಿ ತಿಂದರೇ ಶಕ್ತಿ ಎನ್ನುವ ರೀಲ್ಸ್ ನೋಡಿದಾಗ ಇದು ನೆನಪಿರಲಿ. ಅವರೆ, ರಾಜ್ಮಾ ಮುಂತಾದವನ್ನು ಬೇಯಿಸದೆ ತಿನ್ನಬೇಡಿ. ನಮ್ಮ ಅಜ್ಜಿಯರು ಕಾಳು ನೆನೆಹಾಕಿ ಬೇಯಿಸುತ್ತಿದ್ದರಲ್ಲ, ಆ ರೂಢಿಗೆ ಕಾರಣ ಏನೆಂದು ತೋರಿಸಿದವರಲ್ಲಿ ಕಮಲಾ ಒಬ್ಬರು.

ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಅವರ ಸೂಚನೆಯಂತೆ ನೀರಾದ ಮೇಲೂ ಕೆಲಸ ಮಾಡಿದರು. ಹುಳಿಯಾಗದ ತಾಜಾ ನೀರಾದಲ್ಲಿ ಜೀವಸತ್ವ, ಕಬ್ಬಿಣಾಂಶ ಇರುವುದನ್ನು, ಪೌಷ್ಟಿಕತೆ ಕಡಿಮೆಯಿದ್ದ ಬುಡಕಟ್ಟು ಮಕ್ಕಳಿಗೂ ಗರ್ಭಿಣಿಯರಿಗೂ ಅದರಿಂದ ಪ್ರಯೋಜನವಾಗುವುದನ್ನು ತೋರಿಸಿದರು. ಅದಕ್ಕೆ ರಾಷ್ಟ್ರಪತಿ ಪ್ರಶಸ್ತಿ ಬಂತು. ಆದರೆ ನೀರಾ ಕುಡಿದರೆ ಶುಗರ್ ಇಳಿಯುತ್ತದೆ ಎನ್ನುವ ಫಾರ್ವರ್ಡ್‌ಗೂ ಇವರ ಸಂಶೋಧನೆಗೂ ಸಂಬಂಧವಿಲ್ಲ. ನೀರಾದಲ್ಲಿ ಸಕ್ಕರೆ ಇದೆ.

ಇಷ್ಟೆಲ್ಲ ಆದರೂ ಆ ಸಂಸ್ಥೆಯ ನಿರ್ದೇಶಕ ಹುದ್ದೆ ಅವರಿಗೆ ಸಿಗಲು ವರ್ಷಗಳು ತಡವಾಯಿತು. ನಿವೃತ್ತಿಯ ನಂತರವೂ ಗ್ರಾಹಕರ ಸಂಘಟನೆಯಲ್ಲಿ ದುಡಿದರು, ಅದರ ಅಧ್ಯಕ್ಷರಾಗಿದ್ದರು, ಆಹಾರ ಕಲಬೆರಕೆ ಬಗ್ಗೆ ಜನಸಾಮಾನ್ಯರಿಗೆ ತಿಳಿಯುವಂತೆ ಬರೆದರು.

ಇಂದು ನಮ್ಮ ಭಾಗದ ಹುಡುಗಿಯೊಬ್ಬಳು ವೈದ್ಯಕೀಯ ವಿಷಯದಲ್ಲಿ ಪಿಎಚ್.ಡಿ. ಮಾಡಬೇಕೆಂದರೆ ಕಚೇರಿ ಮುಂದೆ ಕೂರಬೇಕಿಲ್ಲ. ಪ್ರವೇಶ ಪರೀಕ್ಷೆ, ಗೈಡ್, ಸಂಶೋಧನೆಯ ರೂಪುರೇಷೆ, ಕೋರ್ಸ್‌ವರ್ಕ್, ಆಗಾಗ ಪ್ರಗತಿ ವರದಿ, ಪ್ರಬಂಧ, ಕೊನೆಗೆ ಮೌಖಿಕ ಪರೀಕ್ಷೆ. ಮನುಷ್ಯರ ಮೇಲೆ ಅಧ್ಯಯನವಾದರೆ ನೈತಿಕ ಸಮಿತಿಯ ಒಪ್ಪಿಗೆ ಮೊದಲೇ ಬೇಕು. ಕಮಲಾ ಕಾಲದಲ್ಲಿ ಅದಿರಲಿಲ್ಲ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಇದಕ್ಕೆ ಮೊದಲ ನೀತಿ ಹೊರಡಿಸಿದ್ದು 1980ರಲ್ಲಿ. ಯುಜಿಸಿಯ 2022ರ ನಿಯಮದಂತೆ ಕನಿಷ್ಠ ಅವಧಿ 3 ವರ್ಷ, ಗರಿಷ್ಠ 6 ವರ್ಷ. ಮಹಿಳೆಯರಿಗೆ ಹೆಚ್ಚುವರಿ 2 ವರ್ಷದ ಅವಕಾಶ ಇದೆ, ಹೆರಿಗೆ ಮತ್ತು ಶಿಶುಪಾಲನೆಗೆ 240 ದಿನಗಳವರೆಗೆ ರಜೆ ಇದೆ. ಮದುವೆಯಾದರೆ ಪಿಎಚ್.ಡಿ. ರದ್ದಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಕಮಲಾ ಅವರ ಮುಪ್ಪಿನಲ್ಲಿ ಅವರನ್ನು ದೆಹಲಿಗೆ ಕರೆಸಿ ಗೌರವಿಸಿದ್ದು ಅದೇ ವೈದ್ಯಕೀಯ ಸಂಶೋಧನಾ ಮಂಡಳಿ. ಅದಕ್ಕೆ ಮುಂದಾದವರು ಆ ಮಂಡಳಿಯ ಮೊದಲ ಮಹಿಳಾ ಮಹಾನಿರ್ದೇಶಕಿ ಡಾ. ಜಿ.ವಿ. ಸತ್ಯವತಿ, ಅವರು ಕೂಡ 1966ರಲ್ಲಿ ಗುಗ್ಗುಲುವಿನ ಮೇಲೆ ಸಂಶೋಧನಾ ಪ್ರಬಂಧ ಬರೆದು ಮುಂದೆ ಬಂದವರು. ಕಮಲಾ 1998ರಲ್ಲಿ ತೀರಿಕೊಂಡರು. ಫೋಟೊ ಮತ್ತೆ ನಿಮ್ಮ ಗುಂಪಿಗೆ ಬಂದರೆ ಕಳಿಸಿ, ಆದರೆ ಜಾನಕಿ ಅಮ್ಮಾಳ್ ಅವರ 1931ನ್ನೂ ಒಂದು ಸಾಲು ಸೇರಿಸಿ.