ರಂಟಿಯೊಂದನ್ನು ಮಾರಲು ಎರಡು ವರ್ಷ ಕಾದ ಲಕ್ಷ್ಮಣರಾವ್

ಜತ್ತ: ನಮ್ಮ ಸಾಂಗಲಿ ಜಿಲ್ಲೆಯ ಕಿರ್ಲೋಸ್ಕರವಾಡಿ ಎಲ್ಲರಿಗೂ ಗೊತ್ತು. ಅದನ್ನು ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. 1869ರ ಜೂನ್ 20ರಂದು ಹುಟ್ಟಿದ ಈ ಮನುಷ್ಯ ಒಂದೇ ಜಿಗಿತಕ್ಕೆ ದೊಡ್ಡವರಾದವರಲ್ಲ.

ಶಾಲೆಯ ಪಾಠಕ್ಕಿಂತ ಚಿತ್ರ, ಯಂತ್ರಗಳ ಮೇಲೆ ಅವರಿಗೆ ಮನಸ್ಸು. ಮುಂಬೈಗೆ ಹೋಗಿ ಜೆ.ಜೆ. ಕಲಾಶಾಲೆ ಸೇರಿದರು. ಆದರೆ ಕೆಲವು ಬಣ್ಣಗಳ ವ್ಯತ್ಯಾಸ ಕಣ್ಣಿಗೆ ತಿಳಿಯುತ್ತಿರಲಿಲ್ಲ. ಬಣ್ಣ ಬಿಟ್ಟು ಯಂತ್ರಗಳ ನಕ್ಷೆ ಬರೆಯೋದು ಕಲಿತು, ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದನ್ನೇ ಕಲಿಸುವ ಮಾಸ್ತರರಾದರು. ಸಿಗಬೇಕಾದ ಬಡ್ತಿ ಬೇರೆಯವರ ಪಾಲಾದಾಗ ನೌಕರಿ ಬಿಟ್ಟು ಬೆಳಗಾವಿಗೆ ಬಂದರು. ಅಲ್ಲಿ ಅಣ್ಣ ರಾಮಚಂದ್ರರಾವ್ ಜೊತೆ 1888ರಲ್ಲೇ ಶುರುವಾಗಿದ್ದ ಸೈಕಲ್ ಅಂಗಡಿ ಇತ್ತು.

ಮೊದಲು ದನಗಳಿಗೆ ಕಣಿಕೆ ಕತ್ತರಿಸುವ ಯಂತ್ರ ಮಾಡಿದರು. ಆಮೇಲೆ ಕಬ್ಬಿಣದ ರಂಟಿ. ನಿಜವಾದ ಪರೀಕ್ಷೆ ಇಲ್ಲಿಯೇ ಆಯಿತು. ಕಬ್ಬಿಣ ತಾಗಿದರೆ ಭೂಮಿಗೆ ವಿಷ ಏರುತ್ತದೆ ಎಂದು ರೈತರು ನಂಬಿದ್ದರು, ಹತ್ತಿರ ಸುಳಿಯಲಿಲ್ಲ. ಮೊದಲ ರಂಟಿ ಮಾರಾಟವಾಗಲು ಎರಡು ವರ್ಷ ಹಿಡಿಯಿತು! ಬಿ.ಕಾಂ. ಓದಿದ ನನ್ನಂಥವನ ಲೆಕ್ಕದಲ್ಲಿ ಇದು ಬಾಗಿಲು ಮುಚ್ಚಬೇಕಾದ ಧಂದೆ. ಕೊಂಡವರೂ ದೂರು ತಂದರು, ಕುಡದ ತುದಿ ಬೇಗ ಸವೆಯುತ್ತಿತ್ತು. ಲಕ್ಷ್ಮಣರಾವ್ ರೈತರ ಮೇಲೆ ಸಿಟ್ಟಾಗಲಿಲ್ಲ. ತಪ್ಪು ಲೋಹದ್ದು ಎಂದು ಅರಿತು, ಪುಸ್ತಕ ತರಿಸಿ ಓದಿ, ಎರಕವನ್ನು ಗಟ್ಟಿ ಮಾಡುವ ದಾರಿ ಹುಡುಕಿದರು. ರಂಟಿ ಹೊಲದಿಂದ ಕಾರ್ಖಾನೆಗೆ, ಕಾರ್ಖಾನೆಯಿಂದ ಹೊಲಕ್ಕೆ ಹೀಗೆ ತಿರುಗಾಡುತ್ತಲೇ ಸುಧಾರಿಸಿತು.

ಅಷ್ಟರಲ್ಲಿ ಬೆಳಗಾವಿ ಮುನ್ಸಿಪಾಲಿಟಿ ಹೊಸ ಬಡಾವಣೆಗಾಗಿ ಕಾರ್ಖಾನೆಯ ಜಾಗ ಬಿಡಲು ಹೇಳಿತು. ಔಂಧ ಸಂಸ್ಥಾನದ ರಾಜರು ಕುಂಡಲ್ ಬಳಿ 32 ಎಕರೆ ಜಾಗ, ಹತ್ತು ಸಾವಿರ ರೂಪಾಯಿ ಸಾಲ ಕೊಟ್ಟರು. 1910ರಲ್ಲಿ ಅಲ್ಲಿ ಹೋಗಿ ನೋಡಿದರೆ ಡಬ್ಬಗಳ್ಳಿ, ಹಾವು! ಅದನ್ನೇ ಕಡಿದು ಊರು ಕಟ್ಟಿದರು. ಆ ಊರಲ್ಲಿ ಅಸ್ಪೃಶ್ಯತೆಗೆ ಜಾಗ ಇರಲಿಲ್ಲ. ದರೋಡೆಯ ಆರೋಪ ಹೊತ್ತವರನ್ನೂ ನಂಬಿ ಕಾವಲಿಗೆ ಇಟ್ಟರು. ಆ ಕಾಲಕ್ಕೆ ರಂಟಿ ಮಾಡೋದಕ್ಕಿಂತ ಇದು ಕಷ್ಟದ ಕೆಲಸ ಅಂತ ನನಗನಿಸುತ್ತದೆ.

ಅಲ್ಲಿಂದ ಕಬ್ಬಿನ ಗಾಣ, ಶೇಂಗಾ ಸುಲಿಯುವ ಯಂತ್ರ, ಕೈಪಂಪು ಒಂದೊಂದಾಗಿ ಬಂದವು. 1920ರಲ್ಲಿ ಅಂಗಡಿಯ ಹೆಸರಿನಲ್ಲೇ ಲಿಮಿಟೆಡ್ ಕಂಪನಿಯಾಯಿತು. 1926ರಲ್ಲಿ ಸೆಂಟ್ರಿಫ್ಯೂಗಲ್ ಪಂಪು ತಯಾರಾಯಿತು. ಅದೇ ವರ್ಷ ಮಗ ಶಂತನುರಾವ್ ಅಮೆರಿಕದ ಎಂ.ಐ.ಟಿ.ಯಿಂದ ಇಂಜಿನಿಯರ್ ಪದವಿ ಪಡೆದರು.

ಲಕ್ಷ್ಮಣರಾವ್ 1956ರ ಸೆಪ್ಟೆಂಬರ್ 26ರಂದು ತೀರಿಕೊಂಡರು. ಕುಂಡಲ್ ರೋಡ್ ಎಂದಿದ್ದ ರೈಲು ಸ್ಟೇಷನ್ನಿಗೆ ಈಗ ಕಿರ್ಲೋಸ್ಕರವಾಡಿ ಎಂದೇ ಹೆಸರು.