ಆಟೋ ಲೋವಿ
ಆಟೋ ಲೋವಿ (ಜೂನ್ 3, 1873 – ಡಿಸೆಂಬರ್ 25, 1961) ನರಗಳು ರಾಸಾಯನಿಕಗಳ ಮೂಲಕ ಹೃದಯವನ್ನು ನಿಯಂತ್ರಿಸುತ್ತವೆಂದು ತೋರಿಸಿಕೊಟ್ಟ ಔಷಧವಿಜ್ಞಾನಿ. ಜರ್ಮನಿಯ ಫ್ರಾಂಕ್‌ಫರ್ಟ್‌ನ ಯಹೂದಿ ಕುಟುಂಬದಲ್ಲಿ ಜನಿಸಿದ ಇವರು ಆಸ್ಟ್ರಿಯದ ಗ್ರಾಜ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು.

1921ರಲ್ಲಿ ಇವರು ಕಪ್ಪೆಯೊಂದರ ಹೃದಯದ ವೇಗಸ್ ನರವನ್ನು ಪ್ರಚೋದಿಸಿ, ಅದರೊಳಗಿನ ದ್ರವವನ್ನು ಮತ್ತೊಂದು ಕಪ್ಪೆಯ ಹೃದಯಕ್ಕೆ ಹಾಯಿಸಿದಾಗ ಅದರ ಬಡಿತವೂ ನಿಧಾನವಾಯಿತು. ಕಾರಣವಾದ ವಸ್ತು ಅಸಿಟೈಲ್‌ಕೋಲೀನ್ ಎಂದು ಮುಂದೆ ಖಚಿತವಾಯಿತು. ವ್ಯಾಯಾಮದ ವೇಳೆ ವೇಗಸ್ ನರದ ತಡೆ ಸಡಿಲಗೊಂಡು, ಸಿಂಪಥೆಟಿಕ್ ನರಗಳು ಚುರುಕಾಗಿ, ಹೃದಯದ ಬಡಿತವೂ ಹೃದಯಸ್ನಾಯುವಿನ ರಕ್ತಪೂರೈಕೆಯೂ ಏರುವ ಬಗೆಯನ್ನು ಅರಿಯಲು ಈ ಶೋಧ ನೆರವಾಯಿತು.

1936ರಲ್ಲಿ ಹೆನ್ರಿ ಡೇಲ್ ಅವರೊಂದಿಗೆ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. 1938ರಲ್ಲಿ ನಾಜಿಗಳು ಇವರನ್ನು ಬಂಧಿಸಿದರು. ಪ್ರಶಸ್ತಿಯ ಹಣವನ್ನು ಅವರ ಹಿಡಿತದ ಬ್ಯಾಂಕಿಗೆ ಒಪ್ಪಿಸಿದ ಬಳಿಕವೇ ದೇಶ ಬಿಡಲು ಅನುಮತಿ ದೊರೆಯಿತು. 1940ರಲ್ಲಿ ಅಮೆರಿಕ ಸೇರಿ, ನ್ಯೂಯಾರ್ಕ್‌ನಲ್ಲಿ ನಿಧನರಾದರು.