ತೇಗದ ತೋಪಿನ ಮೂಲಪುರುಷ ಹೆನ್ರಿ ಕನೋಲಿ

ಬಿತ್ತುವ ಕಾಯಕಗಳಲ್ಲೆಲ್ಲ ಮರ ಬಿತ್ತುವ ಕಾಯಕವು ಅತ್ಯಂತ ನಿಸ್ಪೃಹವಾದುದು. ಜೋಳ ಬಿತ್ತಿದ ಒಕ್ಕಲಿಗನು ನಾಲ್ಕಾರು ತಿಂಗಳಲ್ಲಿ ರಾಶಿ ಮಾಡುತ್ತಾನೆ. ಕಬ್ಬು ನೆಟ್ಟವನು ವರುಷದೊಳಗಾಗಿ ಅದರ ಫಲವನ್ನು ಕಾಣುತ್ತಾನೆ. ಆದರೆ ಸಾಗವಾನಿಯ ಸಸಿಯನ್ನು ನೆಟ್ಟವನು ಅದರ ತೊಲೆಯನ್ನು ತನ್ನ ಕಣ್ಣಿನಿಂದ ನೋಡುವುದು ವಿರಳ. 60ರಿಂದ 80 ವರ್ಷಗಳ ತರುವಾಯ, ತನ್ನ ಹೆಸರನ್ನೂ ಅರಿಯದ ಯಾವನೋ ಒಬ್ಬನಿಗೆ ಅದು ದೊರೆಯಬೇಕಾದುದು. ಇಂಥ ಕಾಯಕವನ್ನು ಕೈಗೊಂಡು, ಅದರ ಫಲವನ್ನು ಕಾಣದೆಯೇ ಅಳಿದ ಹೆನ್ರಿ ವ್ಯಾಲೆಂಟೈನ್ ಕನೋಲಿಯವರ ಜೀವನ ಚರಿತ್ರೆಯು ವಿದ್ಯಾಸಂಸ್ಥೆಗಳನ್ನು ಕಟ್ಟುವವರೂ ನಡೆಸುವವರೂ ಮನನ ಮಾಡತಕ್ಕುದಾಗಿದೆ.

ಕೃಷ್ಣಾ ಘಟಪ್ರಭೆಗಳ ನಡುವಣ ಈ ಸೀಮೆಯಲ್ಲಿ ಬೇವು, ಬನ್ನಿ, ಜಾಲಿಗಳು ಬೆಳೆಯುವವೇ ಹೊರತು ಸಾಗವಾನಿಯ ಕಾಡುಗಳಿಲ್ಲ. ಆದರೂ ಹಳೆಯ ವಾಡೆಗಳ ತಲೆಬಾಗಿಲು, ತೊಲೆ, ಕಂಬಗಳ ಮಾತು ಬಂದಾಗ ಹಿರಿಯರು ಮೊದಲು ಹೆಸರಿಸುವುದು ಆ ಕಟ್ಟಿಗೆಯನ್ನೇ. ತೇಗವೆಂದೂ ಸಾಗವಾನಿಯೆಂದೂ ಕರೆಯಲ್ಪಡುವ ಈ ಮರಕ್ಕೆ ಗೆದ್ದಲು ಸುಲಭವಾಗಿ ಹತ್ತುವುದಿಲ್ಲ. ನೀರಿನಲ್ಲಿಯೂ ಬಿಸಿಲಿನಲ್ಲಿಯೂ ಅದು ಬೇಗನೆ ಸೊಟ್ಟಗಾಗದು, ಸೀಳದು. ಅದರೊಳಗಿನ ಎಣ್ಣೆಯ ಅಂಶದಿಂದಾಗಿ ಬಡಿದ ಕಬ್ಬಿಣದ ಮೊಳೆಯೂ ತುಕ್ಕು ತಿನ್ನದೆ ಬಹುಕಾಲ ಬಾಳುತ್ತದೆ. ಪಡುವಣ ಕರಾವಳಿಯ ಘಟ್ಟಗಳಲ್ಲಿ, ಉತ್ತರ ಕನ್ನಡದ ಹಳಿಯಾಳ ದಾಂಡೇಲಿಗಳಿಂದ ತೊಡಗಿ ದಕ್ಷಿಣದ ಮಲಬಾರಿನವರೆಗೆ, ಇದು ನಿಸರ್ಗದತ್ತವಾಗಿ ಬೆಳೆದಿದ್ದಿತು.

ಈ ಗುಣಗಳೇ ಆ ಮರಕ್ಕೆ ಮುಳುವಾದವು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಇಂಗ್ಲೆಂಡಿನ ಓಕ್ ಮರಗಳು ಅಲ್ಲಿನ ನೌಕಾಪಡೆಗೆ ಸಾಲದಾದಾಗ ಆಂಗ್ಲರ ದೃಷ್ಟಿ ಮಲಬಾರಿನ ತೇಗದ ಮೇಲೆ ಬಿದ್ದಿತು. ಮುಂಬಯಿಯ ಹಡಗುಕಟ್ಟೆಯಲ್ಲಿ ಪಾರಸಿ ಜನಾಂಗದ ವಾಡಿಯಾ ಮನೆತನದ ಕುಶಲ ಶಿಲ್ಪಿಗಳು ಆ ಕಟ್ಟಿಗೆಯಿಂದ ಯುದ್ಧನೌಕೆಗಳನ್ನು ಕಟ್ಟಿದರು. ಅಲ್ಲಿ 1817ರಲ್ಲಿ ನೀರಿಗಿಳಿದ ಟ್ರಿಂಕೋಮಲಿ ಎಂಬ ಹಡಗು ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್ ಬಂದರಿನಲ್ಲಿ ತೇಲುತ್ತ ನಿಂತಿರುವುದು ಆ ಮರದ ಬಾಳಿಕೆಗೆ ಸಾಕ್ಷಿಯಾಗಿದೆ. 1806ರಲ್ಲಿ ಕಂಪನಿ ಸರಕಾರವು ಕ್ಯಾಪ್ಟನ್ ವಾಟ್ಸನ್ ಎಂಬವರನ್ನು ಅರಣ್ಯಾಧಿಕಾರಿಯನ್ನಾಗಿ ನೇಮಿಸಿ ಮಲಬಾರಿನ ಕಟ್ಟಿಗೆಯ ಏಕಸ್ವಾಮ್ಯವನ್ನು ಕೈಗೆ ತೆಗೆದುಕೊಂಡಿತು. ಜನರೂ ವ್ಯಾಪಾರಿಗಳೂ ಇದರಿಂದ ಬೇಸತ್ತುದನ್ನು ಕಂಡ ಮದರಾಸಿನ ಗವರ್ನರ್ ಥಾಮಸ್ ಮನ್ರೋ 1823ರಲ್ಲಿ ಆ ವ್ಯವಸ್ಥೆಯನ್ನು ರದ್ದುಗೊಳಿಸಿದರು. ಆ ಬಳಿಕ ಕೊಡಲಿಗೆ ತಡೆಯೇ ಇಲ್ಲದಾಯಿತು. ಎರಡು ದಶಕಗಳೊಳಗಾಗಿ, ನದಿಯ ದಂಡೆಗಳಿಂದ ಸುಲಭವಾಗಿ ಸಾಗಿಸಬಹುದಾದ ದೊಡ್ಡ ಮರಗಳೆಲ್ಲ ಬಹುಮಟ್ಟಿಗೆ ಬರಿದಾದವು.

ಇಂಥ ಸಂಧಿಕಾಲದಲ್ಲಿ, 1840ರಲ್ಲಿ, ಕನೋಲಿಯವರು ಮಲಬಾರ್ ಜಿಲ್ಲೆಯ ಕಲೆಕ್ಟರರಾಗಿ ಕಲ್ಲಿಕೋಟೆಗೆ ಬಂದರು. ಅವರು ಜನಿಸಿದುದು 1806ರ ಡಿಸೆಂಬರ್ 5ರಂದು. ಎಳೆಯ ಪ್ರಾಯದಲ್ಲಿಯೇ ಕಂಪನಿಯ ಮದರಾಸು ಸೇವೆಯನ್ನು ಸೇರಿದವರು. ಅವರ ಮನೆತನವು ಸಾಹಸಕ್ಕೂ ದುರಂತಕ್ಕೂ ಹೆಸರಾದುದು. ಎಡ್ವರ್ಡ್ ಎಂಬ ಸಹೋದರನು 1840ರಲ್ಲಿ ಅಫಘಾನಿಸ್ಥಾನದ ಕಾಳಗದಲ್ಲಿ ಮಡಿದನು. 1842ರಲ್ಲಿ ಆರ್ಥರ್ ಎಂಬವನು ಬುಖಾರಾದ ಅಮೀರನಿಂದ ಶಿರಚ್ಛೇದಕ್ಕೆ ಗುರಿಯಾದನು. ಅದೇ ವರ್ಷ ಜಾನ್ ಎಂಬವನು ಕಾಬೂಲಿನ ಸೆರೆಯಲ್ಲಿ ಪ್ರಾಣಬಿಟ್ಟನು. ಸಹೋದರರು ಮಧ್ಯ ಏಷ್ಯದ ಮರುಭೂಮಿಗಳಲ್ಲಿ ಸಾಮ್ರಾಜ್ಯದ ಗಡಿಗಳಿಗಾಗಿ ಜೀವ ತೆತ್ತ ಆ ವರುಷಗಳಲ್ಲಿಯೇ ಹೆನ್ರಿಯವರು ಮಲಬಾರಿನ ಮಳೆಗಾಡಿನಲ್ಲಿ ಬೀಜವೊಂದನ್ನು ಮೊಳಕೆಯೊಡೆಯಿಸುವ ಚಿಂತೆಯಲ್ಲಿ ತೊಡಗಿದ್ದರು.

ಕಡಿದ ಮರಗಳಿಗೆ ಬದಲಾಗಿ ಹೊಸ ಮರಗಳನ್ನು ನೆಡಬೇಕೆಂಬುದು ಅವರ ಆಲೋಚನೆ. ಇಂದು ಇದು ತೀರ ಸಾಮಾನ್ಯವಾದ ಮಾತು. ಆದರೆ ಅಂದು ಕಾಡೆಂಬುದು ತಾನಾಗಿ ಬೆಳೆಯುವಂಥದು, ಮನುಷ್ಯನು ಅದನ್ನು ಕಡಿಯುವವನು ಮಾತ್ರ ಎಂಬ ಭಾವನೆಯೇ ಬೇರೂರಿದ್ದಿತು. ಇದಕ್ಕಾಗಿ ಅವರು ಆರಿಸಿಕೊಂಡ ಸ್ಥಳ ನಿಲಂಬೂರು. ಚಾಲಿಯಾರ್ ನದಿಯೂ ಅದರ ಉಪನದಿಗಳೂ ಹೊತ್ತು ತಂದು ಹರವಿದ ಮೆಕ್ಕಲು ಮಣ್ಣು ಅಲ್ಲಿಯದು. ಅದೇ ನದಿಯಲ್ಲಿ ದಿಮ್ಮಿಗಳನ್ನು ತೇಲಿಬಿಟ್ಟರೆ ಅವು ಸಮುದ್ರತೀರದ ಬೇಪೂರಿಗೆ ಸೇರುತ್ತಿದ್ದವು. ಭೂಮಿಯು ದೇವಸ್ಥಾನಗಳ ಹಾಗೂ ಸ್ಥಳೀಯ ಜನ್ಮಿಗಳ ಒಡೆತನದಲ್ಲಿದ್ದುದರಿಂದ ಸರಕಾರದ ಪರವಾಗಿ ಅದನ್ನು ಗುತ್ತಿಗೆಗೆ ಪಡೆಯಬೇಕಾಯಿತು.

ಭೂಮಿ ದೊರೆತರೂ ಬೀಜವು ಒಲಿಯಲಿಲ್ಲ. ತೇಗದ ಕಾಯಿಗೆ ಹೊರಗೆ ಉಣ್ಣೆಯಂಥ ಹೊದಿಕೆ, ಒಳಗೆ ಕಲ್ಲಿನಂಥ ಗಟ್ಟಿ ಓಟೆ. ಆ ಓಟೆಯ ಒಳಗಿನ ನಾಲ್ಕು ಕೋಣೆಗಳಲ್ಲಿ ಬೀಜಗಳು ಅಡಗಿರುತ್ತವೆ. ಹಲವು ಕೋಣೆಗಳು ಬರಿದೂ ಆಗಿರುತ್ತವೆ. ಕಾಡಿನಲ್ಲಿ ಬಿದ್ದ ಕಾಯಿಯು ಬಿಸಿಲು, ಬೆಂಕಿ, ಮಳೆಗಳ ಹದ ಕಂಡು ತನ್ನ ಕಾಲಕ್ಕೆ ತಾನು ಮೊಳೆಯುವುದು. ಮನುಷ್ಯನು ಕರೆದಾಗ ಏಳುವುದಿಲ್ಲ. 1842ರಿಂದ ನಡೆದ ಪ್ರಯೋಗಗಳಲ್ಲಿ ಕಾಯಿಗಳನ್ನು ನೀರಿನಲ್ಲಿ ನೆನೆಯಿಸಿದರು, ಓಟೆಯನ್ನು ಒಡೆದು ತೆಗೆದರು, ಮೇಲೆ ಹುಲ್ಲು ಹರವಿ ಕಾಡುಗಿಚ್ಚಿನ ರೀತಿಯಲ್ಲಿ ಸುಟ್ಟರು, ಬೇರೆ ಬೇರೆ ನೆಲಗಳಲ್ಲಿ ಹೂಳಿದರು. ಯಾವುದೂ ಎಣಿಸಿದ ಫಲವನ್ನು ಕೊಡಲಿಲ್ಲ. ಸರಕಾರದ ಹಣವು ವ್ಯಯವಾಗುತ್ತಿದ್ದಿತು. ತೋರಿಸಲು ಸಸಿಗಳಿರಲಿಲ್ಲ. ಸಾಮಾನ್ಯ ಅಧಿಕಾರಿಯಾಗಿದ್ದರೆ ಇಲ್ಲಿಗೆ ಕಡತವನ್ನು ಮುಚ್ಚಿಬಿಡುತ್ತಿದ್ದನು. ಕನೋಲಿಯವರು ಮುಚ್ಚಲಿಲ್ಲ.

ಕೊನೆಗೆ 1844ರಲ್ಲಿ ದಾರಿ ತೆರೆಯಿತು. ಕಾಯಿಗಳನ್ನು ನೆನೆಯಿಸಿ, ಮುಂಗಾರು ಕಾಲಿಡುವ ಹೊತ್ತಿಗೆ ಪಾತಿಗಳಲ್ಲಿ ಆಳವಿಲ್ಲದೆ ಬಿತ್ತಿ, ತೆಳುವಾಗಿ ಮಣ್ಣು ಮುಚ್ಚಿ, ಮೇಲೆ ಹುಲ್ಲಿನ ಹೊದಿಕೆ ಹಾಸಿ ತಂಪನ್ನು ಕಾಪಾಡಿದರೆ ಮೊಳಕೆಗಳು ಏಳುತ್ತವೆಂಬುದು ಖಚಿತವಾಯಿತು. ಪಾತಿಯಲ್ಲಿ ಎದ್ದ ಸಸಿಗಳನ್ನು ಕಿತ್ತು, ಅಗೆದ ಕುಣಿಗಳಲ್ಲಿ ಸುಮಾರು ಆರು ಅಡಿಗಳ ಅಂತರದಲ್ಲಿ ನೆಡುವ ಕ್ರಮವು ರೂಢಿಗೆ ಬಂದಿತು.

ಈ ಕ್ರಮವನ್ನು ಮಾತಿನಿಂದ ಮಣ್ಣಿಗೆ ಇಳಿಸಿದ ಪುರುಷನು ಕಲೆಕ್ಟರನಲ್ಲ. ಅವರ ಕೈಕೆಳಗೆ ಉಪ ಅರಣ್ಯಾಧಿಕಾರಿಯಾಗಿದ್ದ ಮಲಬಾರಿನ ಮಗನೇ ಆದ ಚಾತು ಮೇನೋನ್. ನೆಲವನ್ನು ಹಸನುಗೊಳಿಸುವುದು, ಬೀಜ ಆರಿಸುವುದು, ಆಳುಗಳನ್ನು ಕೂಡಿಸುವುದು, ಕಳೆ ಕೀಳಿಸುವುದು, ಬಳ್ಳಿ ಕತ್ತರಿಸುವುದು, ಬೇಸಗೆಯ ಬೆಂಕಿಯಿಂದ ಎಳೆಯ ಗಿಡಗಳನ್ನು ಕಾಯುವುದು, ಈ ಎಲ್ಲ ಹೊಣೆಯನ್ನು ಅವರು 1862ರವರೆಗೆ ಹೊತ್ತರು. ಆ ಅವಧಿಯಲ್ಲಿ ಅವರ ಮೇಲ್ವಿಚಾರಣೆಯಲ್ಲಿ ನೆಡಲಾದ ತೇಗದ ಗಿಡಗಳು ಹತ್ತು ಲಕ್ಷಕ್ಕೂ ಮಿಕ್ಕಿದವು. ಕಾಡಿನ ಜ್ವರವೂ ಕಾಡುಮೃಗಗಳೂ ತುಂಬಿದ ಆ ಸ್ಥಳದಲ್ಲಿ ಹೆಸರಿಲ್ಲದ ಸಾವಿರಾರು ಕೈಗಳು ದುಡಿದವು. ಕಾಯಕ ತತ್ವವನ್ನು ನಂಬಿದ ನಾಡಿನವರು ಕನೋಲಿಯವರ ಹೆಸರಿನೊಡನೆ ಚಾತು ಮೇನೋನರ ಹೆಸರನ್ನೂ ಆ ಆಳುಗಳ ಬೆವರನ್ನೂ ಸ್ಮರಿಸದೆ ಇರಲಾಗದು.

ಕನೋಲಿಯವರ ಕಾರ್ಯವು ತೋಪಿಗೇ ಸೀಮಿತವಾಗಿರಲಿಲ್ಲ. ಕಲ್ಲಿಕೋಟೆಯ ಉತ್ತರದ ಎಲತ್ತೂರು ನದಿಯನ್ನೂ ದಕ್ಷಿಣದ ಕಲ್ಲಾಯಿ ನದಿಯನ್ನೂ ಜೋಡಿಸಿ 1848ರಲ್ಲಿ ಅವರು ತೋಡಿಸಿದ ಕಾಲುವೆಯು ಇಂದಿಗೂ ಅವರ ಹೆಸರನ್ನೇ ಹೊತ್ತಿದೆ. ಆದರೆ ಅವರ ಆಡಳಿತದ ಇನ್ನೊಂದು ಮುಖವನ್ನು ಮರೆಮಾಚುವುದು ಸತ್ಯಕ್ಕೆ ದ್ರೋಹವಾದೀತು. ಜನ್ಮಿಗಳ ದಬ್ಬಾಳಿಕೆಗೆ ಸಿಲುಕಿದ ಮಾಪಿಳ್ಳೆ ಗೇಣಿದಾರರು ಪದೇ ಪದೇ ಬಂಡೆದ್ದ ಕಾಲವದು. ಸರಕಾರವು ಆ ನೋವಿನ ಮೂಲವನ್ನು ಶೋಧಿಸುವುದಕ್ಕಿಂತ ದಂಡನೆಯ ದಾರಿಯನ್ನೇ ಹೆಚ್ಚಾಗಿ ಹಿಡಿಯಿತು. 1852ರಲ್ಲಿ ಮಂಬುರದ ಧರ್ಮಗುರು ಸಯ್ಯದ್ ಫಜಲರು ನಾಡು ಬಿಟ್ಟು ಅರಬಸ್ಥಾನಕ್ಕೆ ತೆರಳುವಂತಾಯಿತು. 1854ರಲ್ಲಿ ಕಠಿಣವಾದ ಕಾಯಿದೆಗಳು ಜಾರಿಗೆ ಬಂದವು. ಜನರ ರೋಷವು ಜಿಲ್ಲೆಯ ಅಧಿಕಾರಿಯಾದ ಕನೋಲಿಯವರ ಮೇಲೆ ತಿರುಗಿತು. 1855ರ ಸೆಪ್ಟೆಂಬರ್ 11ರ ರಾತ್ರಿ, ಸೆರೆಮನೆಯಿಂದ ತಪ್ಪಿಸಿಕೊಂಡ ಮಾಪಿಳ್ಳೆ ಕೈದಿಗಳು ಕಲ್ಲಿಕೋಟೆಯ ಅವರ ಬಂಗಲೆಯ ಪಡಸಾಲೆಯಲ್ಲಿ, ಪತ್ನಿಯ ಎದುರಿನಲ್ಲಿಯೇ ಅವರನ್ನು ಕೊಂದರು. ಆಗ ಅವರಿಗೆ 49 ತುಂಬಿರಲಿಲ್ಲ. ನಿಲಂಬೂರಿನ ಅತ್ಯಂತ ಹಿರಿಯ ಗಿಡಗಳ ವಯಸ್ಸು ಹನ್ನೊಂದೋ ಹನ್ನೆರಡೋ ವರ್ಷ. ಬೀಜದ ಗುಟ್ಟನ್ನು ತಾಳ್ಮೆಯಿಂದ ಅರಿತವರಿಗೆ ಜನರ ಅಂತರಂಗವನ್ನು ಅರಿಯಲಾಗಲಿಲ್ಲವೆಂಬುದು ಅವರ ಬಾಳಿನ ಕೊರತೆಯೆಂದೇ ಹೇಳಬೇಕು.

ಮೂಲಪುರುಷನು ಅಳಿದೊಡನೆ ಸಂಸ್ಥೆಯೂ ಅಳಿಯುವುದು ಲೋಕದಲ್ಲಿ ಸಾಮಾನ್ಯ. ನಿಲಂಬೂರಿನಲ್ಲಿ ಹಾಗಾಗಲಿಲ್ಲ. ಚಾತು ಮೇನೋನರು ಕೆಲಸವನ್ನು ಮುಂದುವರಿಸಿದರು. ಕೆಲಕಾಲ ಶಿವಮೊಗ್ಗೆಯಲ್ಲಿ ವೈದ್ಯರಾಗಿದ್ದು, 1856ರಲ್ಲಿ ಮದರಾಸು ಪ್ರಾಂತದ ಅರಣ್ಯ ಸಂರಕ್ಷಣಾಧಿಕಾರಿಯಾದ ಹ್ಯೂ ಕ್ಲೆಗಾರ್ನ್ ಅವರ ವಶಕ್ಕೆ ಆ ತೋಪು ಬಂದಿತು. ಅಂದು ಮದರಾಸಿಗೇ ಸೇರಿದ್ದ ಉತ್ತರ ಕನ್ನಡದ ಕಾಡುಗಳೂ ಅವರ ಅಧೀನದಲ್ಲಿದ್ದವು. 1861ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವರು ದಕ್ಷಿಣ ಭಾರತದ ಕಾಡುಗಳೊಡನೆ ಈ ತೋಪಿನ ವಿಷಯವನ್ನೂ ದಾಖಲಿಸಿದರು. ನೆಟ್ಟ ವರ್ಷ, ತೆಳುಮಾಡಿದ ವರ್ಷ, ಕಾಂಡದ ಸುತ್ತಳತೆ, ದೊರೆತ ಕಟ್ಟಿಗೆ ಮುಂತಾದ ಲೆಕ್ಕಗಳು ತಲೆಮಾರಿನಿಂದ ತಲೆಮಾರಿಗೆ ಬೆಳೆಯುತ್ತ ಬಂದವು. ಹೀಗೆ ಕಟ್ಟಿಗೆಗಾಗಿ ಹುಟ್ಟಿದ ತೋಪು ಮೆಲ್ಲಮೆಲ್ಲನೆ ಪ್ರಯೋಗಶಾಲೆಯಾಗಿ ಮಾರ್ಪಟ್ಟಿತು.

ಇಲ್ಲಿ ಕಾಲಪುರುಷನ ವಿನೋದವೊಂದನ್ನು ಗಮನಿಸಬೇಕು. ಕನೋಲಿಯವರ ತೋಪಿನ ಉದ್ದೇಶ ಹಡಗುಗಳಿಗೆ ಮರ ಒದಗಿಸುವುದು. ಅವರ ಗಿಡಗಳು ಬಲಿತು ಕಡಿಯಲು ಯೋಗ್ಯವಾಗುವ ಹೊತ್ತಿಗೆ ಯುದ್ಧನೌಕೆಗಳೆಲ್ಲ ಕಬ್ಬಿಣ, ಉಕ್ಕುಗಳಿಂದ ತಯಾರಾಗತೊಡಗಿದ್ದವು. ಯಾವುದಕ್ಕಾಗಿ ನೆಟ್ಟರೋ ಅದು ಬೇಡವಾಯಿತು. ಆದರೆ ನೆಟ್ಟುದು ವ್ಯರ್ಥವಾಗಲಿಲ್ಲ. ಮರವು ಬೇರೆ ನೂರು ಉಪಯೋಗಗಳಿಗೆ ಸಂದಿತು. ತೇಗವನ್ನು ಬಿತ್ತಿ ಬೆಳೆಸಬಹುದೆಂಬ ಅರಿವು ಮರಕ್ಕಿಂತ ದೊಡ್ಡ ಫಲವಾಗಿ ಉಳಿಯಿತು.

ಆ ಅರಿವಿನ ಬುನಾದಿಯ ಮೇಲೆಯೇ ಮುಂದಿನವರು ತಳಿ ಸುಧಾರಣೆಯ ಪ್ರಶ್ನೆಯನ್ನು ಎತ್ತಿದರು. ತೇಗದ ತುದಿಮೊಗ್ಗು ಹೂಗೊಂಚಲಾಗಿ ಮಾರ್ಪಟ್ಟೊಡನೆ ಕಾಂಡವು ನೇರವಾಗಿ ಏರುವುದನ್ನು ಬಿಟ್ಟು ಕವಲೊಡೆಯುತ್ತದೆ. ಎಳವೆಯಲ್ಲಿಯೇ ಹೂ ಬಿಟ್ಟ ಮರಕ್ಕೆ ಮೋಟು ಕಾಂಡ. ತಡವಾಗಿ ಹೂ ಬಿಡುವ ಮರಕ್ಕೆ ಉದ್ದನೆಯ, ಗಂಟಿಲ್ಲದ ಕಾಂಡ. ಆದುದರಿಂದ ತಡವಾಗಿ ಹೂ ಬಿಡುವ, ನೆಟ್ಟಗೆ ಬೆಳೆಯುವ, ರೋಗಕ್ಕೆ ಬಗ್ಗದ ಮರಗಳನ್ನು ಹುಡುಕಿ, ಅವುಗಳ ಕಣ್ಣುಗಳನ್ನು ಕಸಿಮಾಡಿ, ಬೀಜೋದ್ಯಾನಗಳನ್ನು ಬೆಳೆಸುವ ವಿಧಾನವು 1960ರ ದಶಕದಿಂದೀಚೆಗೆ ಭಾರತದಲ್ಲಿ ಬಳಕೆಗೆ ಬಂದಿದೆ. 1975ರಲ್ಲಿ ಸ್ಥಾಪಿತವಾದ ಕೇರಳ ಅರಣ್ಯ ಸಂಶೋಧನಾ ಸಂಸ್ಥೆಯು ನಿಲಂಬೂರಿನಲ್ಲಿ ತನ್ನ ಉಪಕೇಂದ್ರವನ್ನು ಹೊಂದಿದೆ. ತೇಗದ ಎಲೆಗಳನ್ನು ಬರಿದುಮಾಡುವ ಕಂಬಳಿಹುಳುವಿನ ಬಗೆಗೂ, ಆ ಹುಳುವನ್ನು ಕೊಲ್ಲುವ ವೈರಾಣುವಿನ ಬಗೆಗೂ ಅದರ ವಿಜ್ಞಾನಿಗಳು ಸಂಶೋಧನೆ ನಡೆಸಿದ್ದಾರೆ. 1995ರಲ್ಲಿ ಅಲ್ಲಿ ತೇಗಕ್ಕೇ ಮೀಸಲಾದ ವಸ್ತುಸಂಗ್ರಹಾಲಯವೂ ತೆರೆಯಿತು.

ಕನೋಲಿಯವರ ಕಾಲದ ನೆಡುತೋಪಿನಲ್ಲಿ ಹೆಚ್ಚಿನ ಭಾಗವು ಕೊಡಲಿಗೆ ಸಂದಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯದ ಅಗತ್ಯಕ್ಕಾಗಿ ಉಳಿದ ಮರಗಳಲ್ಲಿಯೂ ಹಲವು ಉರುಳಿದವು. ಚಾಲಿಯಾರ್ ದಂಡೆಯ 1846ರ ನೆಡುವಿಕೆಯಲ್ಲಿ 2.31 ಹೆಕ್ಟೇರ್ ಮಾತ್ರವನ್ನು ಕಡಿಯದೆ ಶಾಶ್ವತವಾಗಿ ಉಳಿಸಿಕೊಳ್ಳಲಾಗಿದೆ. ಜಗತ್ತಿನ ಅತ್ಯಂತ ಹಳೆಯ ತೇಗದ ನೆಡುತೋಪು ಎಂದು ಅದು ಪ್ರಸಿದ್ಧವಾಗಿದ್ದು, ಕನೋಲಿಯವರ ಹೆಸರಿನಿಂದಲೇ ಕರೆಯಲ್ಪಡುತ್ತದೆ.

ಅವರು ಪರದೇಶದ ಸರಕಾರವೊಂದರ ಸೇವಕರಾಗಿದ್ದರು. ಅವರು ನೆಟ್ಟುದು ಆ ಸರಕಾರದ ಲಾಭಕ್ಕಾಗಿ. ಆದರೆ ಮರವು ನೆಟ್ಟವನ ಉದ್ದೇಶಕ್ಕೆ ಕಟ್ಟುಬೀಳುವುದಿಲ್ಲ. ತಾನು ನಿಂತ ನೆಲಕ್ಕೂ ತನ್ನ ನೆರಳಿಗೆ ಬಂದವರಿಗೂ ಸಲ್ಲುತ್ತದೆ. ಶಾಲೆಯ ಬಗೆಯೂ ಹೀಗೆಯೇ. ಕಟ್ಟಡಕ್ಕೆ ಕಲ್ಲು ಕೊಟ್ಟ ದಾನಿಯೂ, ಅಕ್ಷರ ತಿದ್ದಿಸಿದ ಗುರುವೂ ತಮ್ಮ ಮಕ್ಕಳು ಮುಂದೆ ಏನಾಗುವರೆಂಬುದನ್ನು ನಿರ್ಧರಿಸಲಾರರು, ಬಹುಮಟ್ಟಿಗೆ ಕಾಣಲೂ ಆರರು. ಮೊಳೆಯದ ಬೀಜದ ಎದುರಿನಲ್ಲಿ ಸಹನೆಗೆಡದಿರುವುದು, ಬೇಲಿ ಕಾಯುವ ಚಾತು ಮೇನೋನರನ್ನು ಗೌರವಿಸುವುದು, ಹಿಂದಿನವರ ಲೆಕ್ಕವನ್ನು ಮುಂದಿನವರಿಗೆ ಒಪ್ಪವಾಗಿ ಒಪ್ಪಿಸುವುದು, ಇಷ್ಟೇ ಅವರ ಪಾಲಿನ ದಾಸೋಹ. ಅದು ನಡೆದಲ್ಲಿ ತೋಪು ಉಳಿಯುತ್ತದೆ.